ಕರೆಂಟು ಹೋದ ರಾತ್ರಿಯ ನೀರು

ಡಿಸೆಂಬರ್ ಬಂತೆಂದರೆ ನಮ್ಮ ಲ್ಯಾಬಿಗೆ ಹುಳಿ ವಾಸನೆ.
ಮಾದಾಪುರದ ಕಡೆಯ ತೋಟಗಳಿಂದ
ಕಾಫಿ ಪಲ್ಪಿಂಗಿನ ನೀರು ಕ್ಯಾನುಗಳಲ್ಲಿ, ಜೀಪಿನಲ್ಲಿ,
ಚಿಕ್ಕ ಅಳುವಾರದ ಈ ಗುಡ್ಡಕ್ಕೆ ಬರುತ್ತದೆ.
ಮುತ್ತ ಮುಚ್ಚಳ ಬಿಚ್ಚಿ, ಮೂಗು ತಂದು,
'ನಾಲ್ಕಕ್ಕಿಂತ ಕೆಳಗೇ ಮೇಡಂ' ಅನ್ನುತ್ತಾನೆ.
ಮೀಟರು ಆಮೇಲೆ ಹೇಳುತ್ತದೆ:
ಮೂರು ಪಾಯಿಂಟ್ ಒಂಬತ್ತು.

ನಾನು ಈ ತಂಡದ ಮುಖ್ಯಸ್ಥೆ.
ಹಾಗಂತ ಬಾಗಿಲ ಮೇಲೆ ಬರೆದಿದೆ.
ಮಾಡುವುದು ಸಹಿ, ಬರೀ ಸಹಿ,
ಆಮೇಲೆ ಮಂಗಳೂರಿನ ಸಿಕ್ವೇರಾರಿಗೆ ಫೋನು:
'ನಿಮ್ಮ ಯಂತ್ರದಲ್ಲಿ ಗುರುವಾರ ಎರಡು ತಾಸು ಕೊಡಿ.'
ಐಸು ತುಂಬಿದ ಡಬ್ಬಿಯನ್ನು ಕುಶಾಲನಗರದಲ್ಲಿ
ಬಸ್ಸಿನ ಕಂಡಕ್ಟರನ ಕೈಗಿಟ್ಟು
'ಮೀನಲ್ಲಪ್ಪಾ, ನೀರು' ಎಂದು ನಂಬಿಸಬೇಕು.
ಮೀನು ಹತ್ತಿ ಬರುವ ಘಟ್ಟದಲ್ಲಿ
ನಮ್ಮ ಕೊಳಕು ನೀರು ಇಳಿದು ಹೋಗುತ್ತದೆ,
ಸೀಟಿನ ಕೆಳಗೆ, ಟಿಕೆಟ್ಟಿಲ್ಲದೆ.

ಕೊಂಡಂಗೇರಿಯ ರುಖಿಯಾ
ಕಾಫಿ ಹೊಟ್ಟನ್ನು ಆಮ್ಲದಲ್ಲಿ ನೆನೆಸಿ
ಕುಲುಮೆಯಲ್ಲಿ ಸುಟ್ಟು ಇದ್ದಿಲು ಮಾಡುತ್ತಾಳೆ.
ಬೈಲಕುಪ್ಪೆಯಿಂದ ಬರುವ ಡೋಲ್ಕರ್ ಅದನ್ನು ತೊಳೆಯುತ್ತಾಳೆ,
ಮತ್ತೆ ತೊಳೆಯುತ್ತಾಳೆ, ಮಾತಿಲ್ಲ.
ಪಂಪು ಮೋನಿಷನದು, ಪಂಪಿನ ಮೇಲೆ ಬೈಗುಳವೂ ಅವನದೇ.
ಎಲ್ಲರಿಗೂ ಸೇರಿ ಸೋರದ ಬ್ಯುರೆಟ್ ಒಂದೇ.
ಜಗಳ ಶುರುವಾಗುವುದು ಅಲ್ಲಿಂದ.

ಆರು ವಾರ ಹರಿಸಿದೆವು.
ಕಾಫಿಯಾಗಿ ಕಾಲಂ ಒಳಗೆ ಹೋದದ್ದು
ಚಹಾ ಆಗಿ ಹೊರಗೆ ಬಂತು, ಅಷ್ಟೆ.
'ಸ್ವಲ್ಪ ನಿಲ್ಲಿಸಿ ನೋಡೋಣವಾ ಮೇಡಂ?' ರುಖಿಯಾ ಕೇಳಿದಳು.
'ಮಾರ್ಚ್ ನಿಲ್ಲುತ್ತದೇನಮ್ಮಾ?' ಅಂದೆ.
ಅವಳು ನೋಟ್ ಬುಕ್ಕಿನಲ್ಲಿ ಏನೋ ಬರೆದುಕೊಂಡಳು.
ಏನೆಂದು ನಾನು ಕೇಳಲಿಲ್ಲ.

ಜನವರಿಯ ಒಂದು ರಾತ್ರಿ
ಆನೆಯೊಂದು ಬೈನೆ ಮರ ಉರುಳಿಸಿತು, ಲೈನಿನ ಮೇಲೆಯೇ.
ಪಂಪು ನಿಂತಿತು.
ಇದ್ದಿಲೂ ನೀರೂ ಕತ್ತಲಲ್ಲಿ ಹನ್ನೊಂದು ಗಂಟೆ
ಒಂದನ್ನೊಂದು ಬಿಡದೆ ನಿಂತವು,
ಮುಖ್ಯಸ್ಥೆಯ ಅಪ್ಪಣೆ ಇಲ್ಲದೆ.

ಬೆಳಿಗ್ಗೆ ಕೆಳಗಿನ ನಲ್ಲಿ ತಿರುಗಿಸಿದರೆ
ಬೀಕರಿನಾಚೆ ಗೋಡೆಯ ಕ್ಯಾಲೆಂಡರು,
ಅದರಲ್ಲಿ ಭಾನುವಾರದ ಕೆಂಪು ಅಂಕಿ.
ಯಾರೂ ಉಸಿರೆತ್ತಲಿಲ್ಲ.
ಡೋಲ್ಕರ್ ಟೈಟ್ರೇಶನ್ನಿಗೆ ಕೂತಳು.
ಹಸಿರು ನೀಲಿ, ಹಸಿರು ನೀಲಿ,
ಕೆಂಪಾಗಲೊಲ್ಲದು,
ಬ್ಯುರೆಟ್ ಇಳಿಯುತ್ತಲೇ ಇದೆ, ಇಳಿಯುತ್ತಲೇ ಇದೆ,
ಮೋನಿಷ್ ಮೊದಲ ಸಲ ಪಂಪಿಗೆ ಕೈಮುಗಿದ.
ರುಖಿಯಾ ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

'ನೀನು ಹೇಳಿದ್ದೆ' ಅಂದೆ ಕೊನೆಗೆ.
'ಆನೆ ಹೇಳಿದ ಮೇಲೆ ಕೇಳಿದಿರಿ' ಅಂದಳು.
ಎಲ್ಲರೂ ನಕ್ಕರು. ನಾನೂ, ಸ್ವಲ್ಪ ತಡವಾಗಿ.

ಲೇಖನಕ್ಕೆ ಹೆಸರುಗಳ ಸಾಲು: ರುಖಿಯಾ ಮೊದಲು.
ಸಿಕ್ವೇರಾ, ತಮ್ಮದನ್ನು ಎಲ್ಲಿಟ್ಟರೂ ಸರಿ ಅಂದರು.
ನಾಲ್ಕು ಪಲ್ಪಿಂಗ್ ಋತು ಕ್ಯಾನು ಹೊತ್ತ,
ಮೀಟರಿಗಿಂತ ಮೊದಲು ಹುಳಿ ಹೇಳಿದ ಮುತ್ತನನ್ನು
ಕೊನೆಯ ಪುಟದ ಕೃತಜ್ಞತೆಗೆ ತಳ್ಳಲು ಮನಸ್ಸಾಗಲಿಲ್ಲ.
ಇ-ಮೇಲ್ ಇಲ್ಲದವರನ್ನು ಆ ಫಾರಂ ಒಳಗೇ ಬಿಡುವುದಿಲ್ಲ.
ಮೋನಿಷ್ ಒಂದು ಮಾಡಿಕೊಟ್ಟ.
ಪಾಸ್‌ವರ್ಡ್ ಏನಿಡಲಿ ಎಂದರೆ
ಮುತ್ತ ಯೋಚಿಸದೆ ಹೇಳಿದ: 'ಬೈನೆ.'

ಈಗ ವಿಮರ್ಶಕರ ಪ್ರಶ್ನೆ ಬಂದಿದೆ:
ಹನ್ನೊಂದು ಗಂಟೆಯೇ ಏಕೆ? ವೈಜ್ಞಾನಿಕ ಆಧಾರ?
'ಆನೆ' ಎಂದು ಟೈಪ್ ಮಾಡಿ, ಅಳಿಸಿ,
ಮೂರು, ಆರು, ಒಂಬತ್ತು, ಹದಿನೈದಕ್ಕೆ
ಮತ್ತೆ ಕಾಲಂ ತುಂಬಿಸಿದ್ದೇವೆ.
ಒಂಬತ್ತೇ ಸಾಕಾಗುವಂತಿದೆ.

ಆದರೆ ತೋಟದ ಧಣಿ ನಿನ್ನೆ ಹೇಳಿದರು,
ಅವರ ತೊಟ್ಟಿ ಎರಡೇ ಗಂಟೆಗೆ ತುಂಬುತ್ತದಂತೆ.
ಸಂಜೆ ತೋಡಿನ ಬದಿಯಲ್ಲಿ ನಿಂತೆ.
ಕಂದು ನೊರೆ ಕಲ್ಲು ಸುತ್ತಿ ಹೋಗುತ್ತಿತ್ತು,
ಪಕ್ಕದಲ್ಲಿ ಮುತ್ತ ಮೂಗು ಮುಂದೆ ಮಾಡಿ ನಿಂತಿದ್ದ.
'ಎಷ್ಟು?' ಅಂದೆ.
ಅವನು ಇನ್ನೂ ಹೇಳಿಲ್ಲ.
ನಾನು ಅವಸರ ಮಾಡುತ್ತಿಲ್ಲ.